ಪದಬಂಧ ರಚನೆಗೆ ನಡಿಗೆ, ಕುರ್ಚಿ, ಕೈಯಾಟ: ಒಂದು ಹೋಲಿಕೆ

ಪದಬಂಧ ರಚಿಸುವವರಿಗೆ ಪರಸ್ಪರ ಹೊಂದದ ಎರಡು ಕೆಲಸಗಳಿರುತ್ತವೆ. ಒಂದೇ ಪದಕ್ಕೆ ಬಗೆಬಗೆಯ ಸುಳಿವುಗಳನ್ನು ಹೊಳೆಯಿಸಿಕೊಳ್ಳಬೇಕು. ಜೊತೆಗೆ, ಅಡ್ಡಸಾಲು ಮತ್ತು ಉದ್ದಸಾಲು ಕೂಡುವ ಚೌಕಕ್ಕೆ ಒಪ್ಪುವ ಅಕ್ಷರವನ್ನೂ ಪತ್ತೆಹಚ್ಚಬೇಕು. ಇವೆರಡನ್ನೂ ನಡೆಯುತ್ತ, ಕುಳಿತು, ಕೈಯಾಡಿಸುತ್ತ ಮಾಡಿ ನೋಡಿದ್ದೇನೆ.

ಸುಳಿವಿನ ವಿಷಯದಲ್ಲಿ ನಡಿಗೆಗೆ ಸಾಟಿಯಿಲ್ಲ. ‘ಕರ’ ಎಂಬ ಪದಕ್ಕೆ ಮೇಜಿನ ಮುಂದೆ ಕುಳಿತಾಗ ಕೈ, ತೆರಿಗೆ ಎಂಬಲ್ಲಿಗೆ ನಿಂತುಹೋಗುತ್ತಿದ್ದ ಯೋಚನೆ, ತಾರಸಿಯ ಮೇಲೆ ಸುತ್ತು ಹಾಕುವಾಗ ಸೂರ್ಯಕಿರಣಕ್ಕೂ ಆನೆಯ ಸೊಂಡಿಲಿಗೂ ತಾನಾಗಿ ಹರಿಯಿತು. ಇದು ಹೊರಗಿನ ಗಾಳಿ-ಬೆಳಕಿನ ಪ್ರಭಾವವಿರಬಹುದೆಂಬ ಶಂಕೆ ಸಹಜ. ಆದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರಿಲಿ ಓಪೆಜ್ಜೊ ಮತ್ತು ಡೇನಿಯಲ್ ಶ್ವಾರ್ಟ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಖಾಲಿ ಗೋಡೆಗೆ ಮುಖಮಾಡಿ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ದಿನಬಳಕೆಯ ವಸ್ತುಗಳಿಗೆ ಕುಳಿತವರಿಗಿಂತ ಹೆಚ್ಚು ಹೊಸ ಉಪಯೋಗಗಳು ಹೊಳೆದಿದ್ದವು. ತಾರಸಿಯೇ ಸಾಕೆನ್ನಲು ನನಗೆ ಅಷ್ಟು ಆಧಾರ ಸಾಕು. ಮೇಲಾಗಿ, ಹೊಂಡ ತಪ್ಪಿಸುತ್ತ ಫುಟ್‌ಪಾತಿನಲ್ಲಿ ನಡೆಯುವಾಗ ಗಮನವೆಲ್ಲ ಪಾದದ ಮೇಲಿರುತ್ತದೆ.

ಚೌಕ ತುಂಬುವಾಗ ಮಾತ್ರ ಇದೇ ನಡಿಗೆ ಅಡ್ಡಿಯಾಯಿತು. ನಡುವೆ ‘ಕ್ಷಿ’ ಬರುವ ಮೂರಕ್ಷರದ ಪದ ಬೇಕಾದಾಗ ‘ದಕ್ಷಿಣ’, ‘ದಾಕ್ಷಿಣ್ಯ’ಗಳನ್ನು ಒಂದೊಂದಾಗಿ ಇಟ್ಟು ತೆಗೆದು ನೋಡುವ ತಾಳ್ಮೆ ಕುರ್ಚಿಯಲ್ಲೇ ಸಿಗುತ್ತದೆ. ಕೊಟ್ಟ ಮೂರು ಪದಗಳಿಗೂ ಹೊಂದುವ ಇನ್ನೊಂದು ಪದವನ್ನು ಹುಡುಕುವಂಥ, ಒಂದೇ ಸರಿಯುತ್ತರವಿರುವ ಸಮಸ್ಯೆಗಳಲ್ಲಿ, ಅದೇ ಪ್ರಯೋಗಗಳ ನಡಿಗೆಯವರೂ ತುಸು ಹಿಂದೆ ಬಿದ್ದಿದ್ದರು.

ಕೈಯಾಟದ ಬಗ್ಗೆ ನನಗೆ ಮೊದಲು ನಂಬಿಕೆಯಿರಲಿಲ್ಲ. ಆದರೆ ಕಪ್ಪು ಚೌಕಗಳ ವಿನ್ಯಾಸವನ್ನು ಅರ್ಧಸುತ್ತು ತಿರುಗಿಸಿದರೂ ಅದು ಮೊದಲಿನಂತೆಯೇ ಕಾಣುವುದೇ ಎಂದು ಪರೀಕ್ಷಿಸುವಾಗ, ಅಂಗೈಯನ್ನು ಗಾಳಿಯಲ್ಲಿ ತಿರುಗಿಸಿದರೆ ಉತ್ತರ ಬೇಗ ದೊರೆಯುತ್ತದೆ. ಆಕೃತಿಗಳನ್ನು ಮನಸ್ಸಿನಲ್ಲೇ ತಿರುಗಿಸುವ ಪರೀಕ್ಷೆಗಳಲ್ಲಿ ಕೈಸನ್ನೆ ನೆರವಾಗುತ್ತದೆಂದು ಸಂಶೋಧಕರಾದ ಚು ಮತ್ತು ಕೀಟಾ 2011ರಲ್ಲಿ ತೋರಿಸಿದ್ದರು. ಇನ್ನೂ ಸೊಗಸಾದುದು 2009ರ ಥಾಮಸ್ ಮತ್ತು ಯೆರಾಸ್ ಅವರ ಪ್ರಯೋಗ: ಚಾವಣಿಯಿಂದ ದೂರದೂರ ಇಳಿಬಿಟ್ಟ ಎರಡು ಹಗ್ಗಗಳನ್ನು ಜೋಡಿಸಬೇಕಾದ ಹಳೆಯ ಸಮಸ್ಯೆಯಲ್ಲಿ, ನಡುನಡುವೆ ವ್ಯಾಯಾಮವೆಂದು ತೋಳು ಬೀಸಿದವರು, ಹಗ್ಗಕ್ಕೆ ಭಾರ ಕಟ್ಟಿ ಲೋಲಕದಂತೆ ತೂಗಾಡಿಸುವ ಉಪಾಯವನ್ನು ಇತರರಿಗಿಂತ ಹೆಚ್ಚಾಗಿ ಕಂಡುಕೊಂಡರು. ಆದರೂ ಸುಳಿವು ಹೊಸೆಯಲು ಕೈಯಾಟದಿಂದ ನನಗೆ ಏನೂ ದಕ್ಕಲಿಲ್ಲ.

ನಡಿಗೆಯ ಒಂದು ತೊಡಕೆಂದರೆ ಹೊಳೆದದ್ದು ಮೆಟ್ಟಿಲಿಳಿಯುವಷ್ಟರಲ್ಲಿ ಮರೆತುಹೋಗುವುದು. ಆದ್ದರಿಂದ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಇಳಿದೊಡನೆ ಮೇಜಿಗೆ ಕೂರುತ್ತೇನೆ. ನಡೆದು ಬಂದು ಕುಳಿತ ಮೇಲೂ ಕೆಲಹೊತ್ತು ಹುರುಪು ಉಳಿಯುತ್ತದೆಂದು ಸ್ಟ್ಯಾನ್‌ಫರ್ಡ್ ಪ್ರಯೋಗಗಳು ಹೇಳುವುದರಿಂದ, ಉಳಿದ ಸುಳಿವುಗಳನ್ನು ಆಗಲೇ ಬರೆದು, ಚೌಕ ತುಂಬುವುದನ್ನು ಅನಂತರಕ್ಕೆ ಇಟ್ಟುಕೊಳ್ಳುತ್ತೇನೆ.