ಗೋಡೆ ಬರೆದವರು ಯಾರು: ಫಿಲಡೆಲ್ಫಿಯಾದ ಮ್ಯೂರಲ್ ಆರ್ಟ್ಸ್ ಜೊತೆ ಮೂರು ದಿನ

ನ್ಯೂಜೆರ್ಸಿಯ ನಮ್ಮ ಮನೆಗೆ ಊರಿನಿಂದ ನೆಂಟರು ಬಂದಾಗಲೆಲ್ಲ ಅವರನ್ನು ಫಿಲಡೆಲ್ಫಿಯಾಕ್ಕೆ ಕರೆದೊಯ್ದು, ಲಿಬರ್ಟಿ ಬೆಲ್ ತೋರಿಸಿ, ಆರ್ಟ್ ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೊ ತೆಗೆದು, ಕತ್ತಲಾಗುವುದರೊಳಗೆ ಹಿಂದಿರುಗುವುದು ನಮ್ಮ ವಾಡಿಕೆಯಾಗಿತ್ತು. ಕಳೆದ ಬೇಸಿಗೆಯಲ್ಲಿ ದಾವಣಗೆರೆಯಿಂದ ಬಂದಿದ್ದ ಚಿಕ್ಕಮ್ಮ ಈ ವಾಡಿಕೆಯನ್ನು ಮುರಿದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಅವರು, ಕಾರಿನ ಕಿಟಕಿಯಾಚೆ ಒಂದಾದ ಮೇಲೊಂದು ಬರುತ್ತಿದ್ದ ಮೂರು ನಾಲ್ಕು ಅಂತಸ್ತಿನ ಚಿತ್ರಗಳನ್ನು ನೋಡಿ, "ಆ ಗಂಟೆ ಆಮೇಲೆ ನೋಡೋಣ, ಮೊದಲು ಈ ಗೋಡೆ ಬರೆದವರು ಯಾರು ಹೇಳು" ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ನಾವು ಮ್ಯೂರಲ್ ಆರ್ಟ್ಸ್ ಫಿಲಡೆಲ್ಫಿಯಾ ಎಂಬ ಸಂಸ್ಥೆ ನಡೆಸುವ ಎರಡು ಪ್ರವಾಸಗಳಿಗೂ, ಸಾರ್ವಜನಿಕರು ಬಂದು ಬಣ್ಣ ಬಳಿಯುವ ಒಂದು ದಿನದ ಕಾರ್ಯಕ್ರಮಕ್ಕೂ ಹೋಗಿಬಂದೆವು. ಈ ವಿಮರ್ಶೆ ಆ ಮೂರರ ಕುರಿತದ್ದು. ಚಿತ್ರಗಳು ಬೀದಿಯಲ್ಲಿವೆ, ನೋಡುವುದಕ್ಕೆ ಯಾರೂ ಕಾಸು ಕೇಳುವುದಿಲ್ಲ. ಟಿಕೆಟ್ ಕೊಂಡವರಿಗೆ ಹೆಚ್ಚಿಗೆ ಸಿಗುವುದು ಅಲ್ಲಿ ಕೆಲಸ ಮಾಡುವ ಜನರ ಒಡನಾಟ, ದುಡ್ಡು ಕೊಡಬೇಕಾದದ್ದೂ ಅದಕ್ಕೇ.

ಸಂಸ್ಥೆಯ ಹುಟ್ಟು ಸ್ವಲ್ಪ ವಿಚಿತ್ರವಾದದ್ದು. ಆಧುನಿಕ ಗ್ರಾಫಿಟಿ, ಅಂದರೆ ಯಾರನ್ನೂ ಕೇಳದೆ ಊರಿನ ಗೋಡೆಗಳ ಮೇಲೆ ಗೀಚುವುದು, 1960ರ ದಶಕದಲ್ಲಿ ಬೇರೂರಿದ ಊರುಗಳಲ್ಲಿ ಫಿಲಡೆಲ್ಫಿಯಾ ಮೊದಲನೆಯದೆಂದು ಹೇಳುತ್ತಾರೆ. 1984ರಲ್ಲಿ ಅಲ್ಲಿನ ಮೇಯರ್ ವಿಲ್ಸನ್ ಗೂಡ್ ಅದನ್ನು ತಡೆಯಲೆಂದೇ ಒಂದು ವಿಭಾಗವನ್ನು ತೆರೆದರು. ಲಾಸ್ ಏಂಜಲೀಸ್ ಕಡೆ ಭಿತ್ತಿಚಿತ್ರಗಳನ್ನು ಬರೆದು, ಅನಾರೋಗ್ಯದ ಕಾರಣ ಪೂರ್ವತೀರಕ್ಕೆ ಮರಳಿದ್ದ ಜೇನ್ ಗೋಲ್ಡನ್ ಎಂಬ ತರುಣಿಗೆ ಅಲ್ಲಿ ಕೆಲಸ ಸಿಕ್ಕಿತು. ಗೋಡೆ ಗೀಚುವ ಹುಡುಗರಿಂದ ಇನ್ನು ಗೀಚುವುದಿಲ್ಲವೆಂದು ಬರೆಸಿಕೊಂಡು, ಅವರ ಕೈಗೆ ಬ್ರಷ್ ಕೊಟ್ಟು, ದೊಡ್ಡ ಗೋಡೆಯ ಮುಂದೆ ನಿಲ್ಲಿಸುವುದು ಆಕೆಯ ಪಾಲಿಗೆ ಬಂದ ಕೆಲಸ. 1996ರಲ್ಲಿ ಅದು ಮ್ಯೂರಲ್ ಆರ್ಟ್ಸ್ ಎಂಬ ಹೆಸರಿನಲ್ಲಿ ಬೇರೆಯಾಯಿತು. ಒಂದು ಕಾಲು ನಗರಾಡಳಿತದಲ್ಲಿ, ಇನ್ನೊಂದು ದೇಣಿಗೆ ಎತ್ತುವ ಲಾಭರಹಿತ ಸಂಸ್ಥೆಯಲ್ಲಿ. ಗೋಲ್ಡನ್ ಅದನ್ನು ದಶಕಗಳ ಕಾಲ ಮುನ್ನಡೆಸಿದರು, ಈವರೆಗೆ ಆದ ಕೃತಿಗಳು 4,000ಕ್ಕೂ ಹೆಚ್ಚು.

ಇಷ್ಟು ಖಾಲಿ ಗೋಡೆಗಳು ಎಲ್ಲಿಂದ ಬಂದವು ಎಂಬುದನ್ನು ಮೊದಲ ಪ್ರವಾಸದ ಮಾರ್ಗದರ್ಶಿ ರೈಲು ಹತ್ತುವ ಮೊದಲೇ ಹೇಳಿಬಿಟ್ಟರು. ಫಿಲಡೆಲ್ಫಿಯಾದ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡು ಸಾಲಾಗಿ ನಿಂತವು. 1950ರಲ್ಲಿ 20 ಲಕ್ಷ ದಾಟಿದ್ದ ಜನಸಂಖ್ಯೆ, ಕಾರ್ಖಾನೆಗಳು ಮುಚ್ಚಿದಂತೆಲ್ಲ ಇಳಿಯುತ್ತ 2000ದ ಹೊತ್ತಿಗೆ 15 ಲಕ್ಷದ ಆಸುಪಾಸಿಗೆ ಬಂತು. ಪಾಳುಬಿದ್ದ ಮನೆಯನ್ನು ಕೆಡವಿದಾಗಲೆಲ್ಲ ಪಕ್ಕದ ಮನೆಯ ಮಗ್ಗುಲು, ಕಿಟಕಿಯಿಲ್ಲದೆ ಬಾಗಿಲಿಲ್ಲದೆ, ಬೀದಿಗೆ ಬತ್ತಲಾಯಿತು. ಈ ಊರಿನ ಕ್ಯಾನ್ವಾಸ್ ಅದೇ. ಈ ಮಾತನ್ನು ಅವರು ಮರುಕದಿಂದಾಗಲಿ ಹೆಮ್ಮೆಯಿಂದಾಗಲಿ ಹೇಳಲಿಲ್ಲ, ನಮ್ಮ ಊರಿನಲ್ಲಿ ಕೆರೆ ಬತ್ತಿದ ಕಥೆಯನ್ನು ಹಿರಿಯರು ಹೇಳುವ ಹಾಗೆ ಹೇಳಿದರು.

ಆ ಪ್ರವಾಸದ ಹೆಸರು 'ಲವ್ ಲೆಟರ್', ಅಂದರೆ ಪ್ರೇಮಪತ್ರ. ಪಶ್ಚಿಮ ಫಿಲಡೆಲ್ಫಿಯಾದಲ್ಲೇ ಬೆಳೆದು, ಹರೆಯದಲ್ಲಿ ಗ್ರಾಫಿಟಿ ಬರೆದಿದ್ದ ಸ್ಟೀಫನ್ ಪವರ್ಸ್ 2009ರಲ್ಲಿ ಮಾರ್ಕೆಟ್ ಸ್ಟ್ರೀಟಿನ ಮೇಲ್ಸೇತುವೆ ರೈಲಿನ ಉದ್ದಕ್ಕೂ, 45ನೆಯ ಬೀದಿಯಿಂದ 63ನೆಯ ಬೀದಿಯವರೆಗೆ, 50 ಗೋಡೆಗಳ ಮೇಲೆ ಬರೆದ ಅಕ್ಷರಚಿತ್ರಗಳಿವು. ಬಹುಪಾಲು ಚಿತ್ರಗಳು ಮಾಳಿಗೆಯ ಮಟ್ಟದಲ್ಲಿರುವುದರಿಂದ ಕೆಳಗಿನ ಬೀದಿಯಲ್ಲಿ ನಡೆಯುವವರಿಗಿಂತ ರೈಲಿನಲ್ಲಿ ಕುಳಿತವರಿಗೆ ಚೆನ್ನಾಗಿ ಕಾಣುತ್ತವೆ. ಹಾಗಾಗಿ ಈ ಪ್ರವಾಸ ಊರಿನವರು 'ಎಲ್' ಎಂದು ಕರೆಯುವ ಆ ರೈಲಿನಲ್ಲೇ, ಕೆಲಸಕ್ಕೆ ಹೋಗುವವರ ನಡುವೆಯೇ ನಡೆಯುತ್ತದೆ. ಮಾರ್ಗದರ್ಶಿಯ ಕಸುಬುದಾರಿಕೆ ನನಗೆ ಕಂಡದ್ದು ಪ್ಲಾಟ್‌ಫಾರ್ಮಿನ ಮೇಲೆ. ಎದುರುಬದಿಯ ರೈಲು ಎಷ್ಟು ಹೊತ್ತಿಗೆ ಬಂದು ಮಾತನ್ನು ಮುಳುಗಿಸುತ್ತದೆಂದು ಅವರಿಗೆ ಅಂದಾಜಿತ್ತು. ಗಾಲಿಗಳ ಸದ್ದು ಕೇಳಿದ ಕೂಡಲೇ ವಾಕ್ಯವನ್ನು ಮುಗಿಸಿ, ಕೈಯಿಂದ ಗೋಡೆಯತ್ತ ತೋರಿಸಿ ಸುಮ್ಮನಾಗುತ್ತಿದ್ದರು, ರೈಲು ಹೊರಟ ಮೇಲೆ ಮುಂದಿನ ವಾಕ್ಯದಿಂದ ಶುರು. ಪಕ್ಕದಲ್ಲಿ ನಿಂತಿದ್ದ ಒಬ್ಬ ಹಿರಿಯ ಪ್ರಯಾಣಿಕರು ತಾವು ಈ ಚಿತ್ರ ಬರೆಯುವಾಗ ನೋಡಿದ್ದಾಗಿ ನಡುವೆ ಬಾಯಿ ಹಾಕಿದರು. ಮಾರ್ಗದರ್ಶಿ ತಮ್ಮ ಮಾತನ್ನು ಅಲ್ಲಿಗೇ ಬಿಟ್ಟು, ನಮ್ಮ ಗುಂಪನ್ನು ಆ ಹಿರಿಯರ ಕಡೆಗೆ ತಿರುಗಿಸಿ ನಿಲ್ಲಿಸಿದರು. ಪ್ರವಾಸಿ ತಾಣಗಳಲ್ಲಿ ಗೈಡುಗಳ ಕಂಠಪಾಠ ಕೇಳಿ ಅಭ್ಯಾಸವಾದ ನನಗೆ ಇದು ಹೊಸದು.

52ನೆಯ ಬೀದಿಯ ನಿಲ್ದಾಣದ ಬಳಿಯ ಗೋಡೆಯೊಂದರ ಮೇಲಿನ ಸಾಲು ಕನ್ನಡಕ್ಕೆ ಜಗ್ಗುವುದಿಲ್ಲ. ಐವತ್ತೆರಡನೆಯ ಬೀದಿಯಲ್ಲಿ ಸಿಗು, ಐವತ್ತು ಸೆಕೆಂಡಿಗಾದರೂ ಸರಿ ಎಂಬುದು ಅದರ ಅರ್ಥ. 'ಎರಡನೆಯ' ಮತ್ತು 'ಸೆಕೆಂಡು' ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದವಿರುವುದರಿಂದ ಹುಟ್ಟಿದ ಶ್ಲೇಷೆ. ಅರ್ಥ ಹೇಳಿದಾಗ ಚಿಕ್ಕಮ್ಮ ನಕ್ಕರು, ಆದರೆ ಅವರ ಕಣ್ಣು ಅಕ್ಷರಗಳ ತಿರುವಿನ ಮೇಲಿತ್ತು. "ನೋಡೋ, ಇದು ಬೋರ್ಡ್ ಬರೆಯೋರ ಕೈ. ಕಲಾವಿದರು ಇಷ್ಟು ಸಲೀಸಾಗಿ ಅಕ್ಷರ ಕೂರಿಸಲ್ಲ" ಎಂದರು. ನಾನು ಅದನ್ನು ತರ್ಜುಮೆ ಮಾಡಿ ಹೇಳಿದಾಗ ಮಾರ್ಗದರ್ಶಿಯ ಮುಖ ಅರಳಿತು: ಈ ಯೋಜನೆಯಲ್ಲಿ ಬೋರ್ಡ್ ಬರೆಯುವ ಕಸುಬಿನವರೇ ಕೈಜೋಡಿಸಿದ್ದರಂತೆ, ಅದೇ ಬೀದಿಯ ಅಂಗಡಿಗಳಿಗೂ ಹೊಸ ಬೋರ್ಡ್ ಬರೆದುಕೊಟ್ಟಿದ್ದರಂತೆ. ಬೆಂಗಳೂರಿನಲ್ಲಿ 2009ರಲ್ಲೇ, ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಂದ ಪಾಲಿಕೆ ರಸ್ತೆಬದಿಯ ಗೋಡೆಗಳಿಗೆ ಚಿತ್ರ ಬರೆಸಿತ್ತು. ಕೈಗಳು ಒಂದೇ ತರಹದವು, ಕಾಲವೂ ಒಂದೇ. ಅಲ್ಲಿ ಕಾಣದಿದ್ದದ್ದು, ಬರೆದ ಮೇಲೂ ಹದಿನೈದು ವರ್ಷ ಆ ಗೋಡೆಯ ಕಥೆ ಹೇಳುತ್ತ ನಿಲ್ಲುವ ಈ ತರಹದ ನೌಕರರು.

ನಡಿಗೆಯ ಪ್ರವಾಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಗರದ ನಡುಭಾಗದ ಚಿತ್ರಗಳು ದೊಡ್ಡವು, ಅಚ್ಚುಕಟ್ಟಾದವು, ಫೋಟೊಕ್ಕೆ ಒಗ್ಗುವಂಥವು. ಆದರೆ ಅಲ್ಲಿ ಕೇಳಿದ ಒಂದು ಪ್ರಶ್ನೆ ಮತ್ತು ಅದಕ್ಕೆ ಬಂದ ಉತ್ತರ ನೆನಪಿನಲ್ಲಿ ಉಳಿದಿದೆ. ಗುಂಪಿನಲ್ಲಿದ್ದ ಒಬ್ಬರು ಫ್ರ್ಯಾಂಕ್ ರಿಜ್ಜೊ ಚಿತ್ರ ಏನಾಯಿತು ಎಂದು, ಸ್ವಲ್ಪ ಕೆಣಕುವ ದನಿಯಲ್ಲೇ, ಕೇಳಿದರು. ರಿಜ್ಜೊ ಈ ಊರಿನ ಪೊಲೀಸ್ ಮುಖ್ಯಸ್ಥರಾಗಿದ್ದು 1970ರ ದಶಕದಲ್ಲಿ ಮೇಯರ್ ಆದವರು, ಕಪ್ಪುಜನರ ಮೇಲಿನ ಪೊಲೀಸ್ ದೌರ್ಜನ್ಯದೊಂದಿಗೆ ಅವರ ಹೆಸರು ಬೆಸೆದುಕೊಂಡಿದೆ. 1995ರಲ್ಲಿ ಇಟಾಲಿಯನ್ ಮಾರ್ಕೆಟ್ಟಿನಲ್ಲಿ ಬರೆದ ಅವರ ಮುಖಕ್ಕೆ ಜನ ಮತ್ತೆ ಮತ್ತೆ ಮಸಿ ಬಳಿಯುತ್ತಿದ್ದರು, ಸಂಸ್ಥೆ ಮತ್ತೆ ಮತ್ತೆ ಸರಿಪಡಿಸುತ್ತಿತ್ತು. ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪುವ್ಯಕ್ತಿ ಪೊಲೀಸರ ಕೈಯಲ್ಲಿ ಹತ್ಯೆಯಾದ ನಂತರ, 2020ರ ಜೂನಿನಲ್ಲಿ, ಇನ್ನು ಈ ಚಿತ್ರಕ್ಕೂ ತನಗೂ ಸಂಬಂಧವಿಲ್ಲವೆಂದು ಸಂಸ್ಥೆ ಪ್ರಕಟಿಸಿತು, ಕೆಲವೇ ದಿನಗಳಲ್ಲಿ ಅದರ ಮೇಲೆ ಬಣ್ಣ ಬಿತ್ತು. ಮಾರ್ಗದರ್ಶಿ ಇದಿಷ್ಟನ್ನೂ ಹೇಳಿದರು. ತಮ್ಮ ಸಂಸ್ಥೆಯನ್ನು ಸಮರ್ಥಿಸಿಕೊಳ್ಳಲಿಲ್ಲ. ಸರಿಪಡಿಸಲು ಏಣಿ ಹತ್ತಿದ ಕೆಲಸಗಾರರಿಗೆ ಏನನ್ನಿಸುತ್ತಿತ್ತೋ ಎಂಬ ಪ್ರಶ್ನೆಯನ್ನೂ ಅವರೇ ಎತ್ತಿದರು.

ಆ ಕೆಲಸಗಾರರು ಯಾರೆಂಬುದೇ ಈ ಸಂಸ್ಥೆಯ ವಿಶೇಷ. ಚಿತ್ರದ ಕೆಳಗೆ ಹೆಸರು ಬರುವುದು ಒಬ್ಬ ಕಲಾವಿದರದ್ದು. ಆದರೆ ಗೋಡೆ ಕೆರೆದು ಗಾರೆ ಮೆತ್ತುವವರು, ಮನೆ ಮಾಲೀಕರ ಒಪ್ಪಿಗೆ ಪಡೆಯುವವರು, ಬೀದಿಯವರನ್ನು ಕೂರಿಸಿ ನಿಮಗೆ ಏನು ಬೇಕೆಂದು ಸಂಜೆಗಟ್ಟಲೆ ಕೇಳುವವರು, ಬರೆಯುವವರನ್ನು ಗೋಡೆಯೆತ್ತರಕ್ಕೆ ಏರಿಸುವ ಲಿಫ್ಟ್ ಯಂತ್ರ ಓಡಿಸುವವರು ಬೇರೆ ಬೇರೆ. ಜೈಲಿನಿಂದ ಬಿಡುಗಡೆಯಾದವರಿಗೆ ಸಂಬಳ ಕೊಟ್ಟು ಕೆಲಸ ಕಲಿಸುವ 'ಗಿಲ್ಡ್' ಎಂಬ ವಿಭಾಗವಿದೆ. ಅಲ್ಲಿ ಕಲಿತವರು ಇಂಥ ಕೆಲಸಗಳಲ್ಲಿ ಕೈ ಪಳಗಿಸಿಕೊಳ್ಳುತ್ತಾರೆ. ಗ್ರೇಟರ್‌ಫೋರ್ಡ್ ಜೈಲಿನ ಕೈದಿಗಳು ವರ್ಷಗಟ್ಟಲೆ ಒಳಗೆ ಕುಳಿತು ಬಣ್ಣ ಬಳಿದ ತುಂಡುಗಳು ತಾವು ಕಾಲಿಡಲಾಗದ ಬೀದಿಗಳ ಗೋಡೆಗಳನ್ನು ಸೇರಿವೆ. 2019ರಲ್ಲಿ ಸಬರ್ಬನ್ ಸ್ಟೇಷನ್ನಿನ ನೆಲಮಾಳಿಗೆಯಲ್ಲಿ ಇನ್ನೊಂದು ಪ್ರಯೋಗ ಶುರುವಾಯಿತು: ನೆಲೆಯಿಲ್ಲದವರು, ಕೆಲಸವಿಲ್ಲದವರು ಬಂದು ಕೆಲವು ತಾಸು ಚಿತ್ರದ ಕೆಲಸ ಮಾಡಿದರೆ ಅಂದೇ ಕೈಗೆ 50 ಡಾಲರ್, ಜೊತೆಗೆ ವಸತಿ, ಚಿಕಿತ್ಸೆಗಳ ದಾರಿ ತೋರಿಸುವ ಸಮಾಜ ಕಾರ್ಯಕರ್ತರು. ರೈಲಿಗೆ ಓಡುವಾಗ ಆ ನಿಲ್ದಾಣದ ಬಣ್ಣದ ಕಂಬಗಳನ್ನು ನಾನು ಎಷ್ಟೋ ಸಲ ದಾಟಿದ್ದೆ. ಅವು ಒಬ್ಬರ ಒಂದು ದಿನದ ಕೂಲಿ ಎಂದು ತಿಳಿದದ್ದು ಈಗ.

ಎಲ್ಲ ಚಿತ್ರಗಳೂ ಮೆಚ್ಚುವಂಥವೆಂದು ನಾನು ಹೇಳಲಾರೆ. ಹತ್ತು ಜನ ಒಪ್ಪಿದ ಮೇಲೆ ಏರುವ ಚಿತ್ರಕ್ಕೆ ಒಂದು ಸಜ್ಜನಿಕೆ ಅಂಟಿಕೊಳ್ಳುತ್ತದೆ: ಚಾಚಿದ ಕೈಗಳು, ಹಾರುವ ಹಕ್ಕಿಗಳು, ಮೇಲೆ ನೋಡುತ್ತಿರುವ ಮಕ್ಕಳು. ಹತ್ತಾರನ್ನು ಒಟ್ಟಿಗೆ ನೋಡಿದರೆ ಶಾಲಾ ವಾರ್ಷಿಕೋತ್ಸವದ ಭಾಷಣಗಳನ್ನು ಸಾಲಾಗಿ ಕೇಳಿದಂತಾಗುತ್ತದೆ. ಇದಕ್ಕೆ ಹೊರತಾದದ್ದು ಬ್ರಾಡ್ ಮತ್ತು ಸ್ಪ್ರಿಂಗ್ ಗಾರ್ಡನ್ ಬೀದಿಗಳು ಕೂಡುವಲ್ಲಿ ಮೆಗ್ ಸಾಲಿಗ್ಮನ್ 1998ರಲ್ಲಿ ಬರೆದ ಎಂಟು ಅಂತಸ್ತಿನ 'ಕಾಮನ್ ಥ್ರೆಡ್ಸ್'. ಅದರಲ್ಲಿ ಹಳೆಯ ಪಿಂಗಾಣಿ ಬೊಂಬೆಗಳ ಭಂಗಿಗಳೂ ಆ ಕಡೆಯ ಹೈಸ್ಕೂಲು ವಿದ್ಯಾರ್ಥಿಗಳ ಭಂಗಿಗಳೂ ಒಂದರ ಪಕ್ಕ ಒಂದು ನಿಂತಿವೆ, ಯಾರೂ ಯಾರಿಗೂ ಉಪದೇಶ ಮಾಡುವುದಿಲ್ಲ. ಚಿಕ್ಕಮ್ಮ ಅದರ ಮುಂದೆ ಅರ್ಧ ಗಂಟೆ ನಿಂತು, ಬಟ್ಟೆಯ ನೆರಿಗೆಗಳನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ನೋಡಿದರು. ಇನ್ನೊಂದು ಕೊರತೆ ಯಾರ ತಪ್ಪೂ ಅಲ್ಲ. ಪಕ್ಕದ ನಿವೇಶನ ಖಾಲಿ ಇದ್ದರಷ್ಟೇ ಮಗ್ಗುಲಿನ ಗೋಡೆ ಕಾಣುತ್ತದೆ. ಬಡಾವಣೆಗೆ ಒಳ್ಳೆಯ ದಿನ ಬಂದು ಆ ನಿವೇಶನದಲ್ಲಿ ಹೊಸ ಮನೆ ಎದ್ದರೆ ಚಿತ್ರ ಎರಡು ಗೋಡೆಗಳ ಸಂದಿಯಲ್ಲಿ ಹೂತುಹೋಗುತ್ತದೆ, ಹಾಗೆ ಮರೆಯಾದವು ಈಗಾಗಲೇ ಹಲವಿವೆ.

ಮೂರರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಬಣ್ಣದ ದಿನವನ್ನು ಆರಿಸುತ್ತೇನೆ, ಅದಕ್ಕೆ ಟಿಕೆಟ್ಟೂ ಇರಲಿಲ್ಲ. ಇಲ್ಲಿನ ಬಹಳಷ್ಟು ಚಿತ್ರಗಳನ್ನು ನೇರವಾಗಿ ಗೋಡೆಯ ಮೇಲೆ ಬರೆಯುವುದಿಲ್ಲ. ಕೆಂಟ್ ಟ್ವಿಚೆಲ್ 1990ರಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಜೂಲಿಯಸ್ ಅರ್ವಿಂಗ್ ಅವರ ಚಿತ್ರವನ್ನು ಬಟ್ಟೆಯ ಮೇಲೆ ಬರೆದು ಗೋಡೆಗೆ ಅಂಟಿಸಿ ತೋರಿಸಿದ ವಿಧಾನ ಇಲ್ಲಿ ನೆಲೆಯೂರಿದೆ. ಪ್ಯಾರಾಶೂಟ್ ಬಟ್ಟೆ ಎಂದು ಕರೆಯುವ ತೆಳುವಾದ ಪಾಲಿಯೆಸ್ಟರ್ ಹಾಳೆಯನ್ನು ಸುಮಾರು ಐದಡಿ ಚೌಕಗಳಾಗಿ ಕತ್ತರಿಸಿ, ಚಿತ್ರದ ಗೆರೆಗಳನ್ನು ಅದರ ಮೇಲಿಳಿಸಿ, ಒಂದೊಂದು ಚೂರಿಗೂ ಬಣ್ಣದ ಅಂಕಿ ಬರೆದು ಮೇಜಿನ ಮೇಲೆ ಹಾಸುತ್ತಾರೆ. ಬಡಾವಣೆಯ ಗ್ರಂಥಾಲಯವೊಂದರಲ್ಲಿ ನಮಗೆ ಸಿಕ್ಕಿದ್ದು ಎಲ್ಲೆಡೆ 27 ಎಂದು ಬರೆದಿದ್ದ ಚೌಕ. 27 ಎಂದರೆ ಮಳೆ ಬರುವ ಮುಂಚಿನ ನೀಲಿ. ಮೇಜಿನ ಉಸ್ತುವಾರಿಯಲ್ಲಿದ್ದ ಹುಡುಗಿ ಎಲ್ಲರಿಗೂ ಹೇಳಿದ್ದನ್ನೇ ಚಿಕ್ಕಮ್ಮನಿಗೂ ಹೇಳಿದಳು: ಬ್ರಷ್ಷಿನ ತುದಿಗಷ್ಟೇ ಬಣ್ಣ ತಾಗಿಸಿ, ತೆಳುವಾಗಿ ಎಳೆಯಿರಿ, ದಪ್ಪಗಾದರೆ ಅಂಟಿಸುವಾಗ ತೊಂದರೆ. ಮೂವತ್ತು ವರ್ಷ ಇದೇ ಮಾತನ್ನು ಎಂಟನೆಯ ತರಗತಿಯವರಿಗೆ ಹೇಳಿದ್ದ ಚಿಕ್ಕಮ್ಮ ಚಕಾರವೆತ್ತದೆ ತಲೆಯಾಡಿಸಿದರು. ಹತ್ತು ನಿಮಿಷ ಅವರ ಕೈಯನ್ನು ನೋಡಿದ ಆ ಹುಡುಗಿ ಏನನ್ನೂ ಕೇಳದೆ ಹೋಗಿ, ಮುಖದ ಭಾಗವಿದ್ದ, ಅಂಕಿಗಳು ಅಕ್ಕಿಕಾಳಿನಷ್ಟು ಸಣ್ಣಗಿದ್ದ ಇನ್ನೊಂದು ಚೌಕವನ್ನು ತಂದು ಅವರ ಮುಂದಿಟ್ಟಳು. ಭಾಷೆ ಬಾರದವರ ನಡುವೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಾನು ನೋಡಿಲ್ಲ. ಚಿಕ್ಕಮ್ಮ ಮಾತ್ರ ನೀಲಿ ಚೌಕವನ್ನು ಮುಗಿಸದೆ ಅದನ್ನು ಮುಟ್ಟಲಿಲ್ಲ.

ಹೋಗುವವರಿಗೆ ಎರಡು ಮಾತು. ಪ್ರವಾಸಗಳಿಗೆ ಮೊದಲೇ ಟಿಕೆಟ್ ಕಾದಿರಿಸಿಕೊಳ್ಳಿ, ಬಣ್ಣದ ದಿನಗಳ ಪ್ರಕಟಣೆ ಅವರ ಜಾಲತಾಣದಲ್ಲಿ ಬರುತ್ತದೆ. ರೈಲಿನ ಪ್ರವಾಸದಲ್ಲಿ ಮೆಟ್ಟಿಲು ಹತ್ತಿಳಿಯುವುದು ಬಹಳ. ಮಂಡಿನೋವಿನ ಹಿರಿಯರಿದ್ದರೆ ಯೋಚಿಸಿ.

ಚಿಕ್ಕಮ್ಮ ದಾವಣಗೆರೆಗೆ ಮರಳಿದ ಮೇಲೆ, ಅಂಟಿಸುವ ಕೆಲಸ ನಡೆಯುತ್ತಿದ್ದಾಗ ನಾನೊಬ್ಬನೇ ಆ ಗೋಡೆಯ ಬಳಿ ಹೋದೆ. ಲಿಫ್ಟಿನ ಮೇಲೆ ಇಬ್ಬರು ನಿಂತು, ಗೋಡೆಗೆ ಜೆಲ್ ಬಳಿದು, ಚೌಕವನ್ನು ವಾಲ್‌ಪೇಪರಿನಂತೆ ಹರಡಿ, ನಡುವಿನಿಂದ ಅಂಚಿನ ಕಡೆಗೆ ಉಜ್ಜುತ್ತ ಗಾಳಿಗುಳ್ಳೆಗಳನ್ನು ಹೊರತಳ್ಳುತ್ತಿದ್ದರು. ಮೊಬೈಲಿನ ವಿಡಿಯೊದಲ್ಲಿ ಚಿಕ್ಕಮ್ಮ, ಅಲ್ಲಿ ರಾತ್ರಿ ಎಂಟೂವರೆ. 27ನೆಯ ಬಣ್ಣದ ಚೌಕ ಎಲ್ಲಿ ಬಂತೆಂದು ನಾನು ಕೂಗಿ ಕೇಳಿದಾಗ ಮೇಲಿದ್ದವನು ನಕ್ಕು, ಆಕಾಶ ಪೂರ್ತಿ 27 ಎಂದು ಕೈ ಬೀಸಿದ. ಕ್ಯಾಮೆರಾವನ್ನು ನಿಧಾನವಾಗಿ ಆಕಾಶದುದ್ದಕ್ಕೂ ಆಡಿಸಿದೆ. ಒಂದು ಕಡೆ ಚಿಕ್ಕಮ್ಮ ನಿಲ್ಲಿಸು ಎಂದರು. "ಆ ಮೂಲೇಲಿ ಬಣ್ಣ ಗಡ್ಡೆ ಕಟ್ಟಿದೆಯಲ್ಲ, ಅದು ನಾನು ಬಳಿದದ್ದಲ್ಲ ಅಂತ ಅವರಿಗೆ ಹೇಳು." ಹೇಳಿದೆ. ಅವನು ಲಿಫ್ಟನ್ನು ಪಕ್ಕಕ್ಕೆ ಸರಿಸಿ, ಆ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಟೇಪಿನ ತುಂಡೊಂದನ್ನು ಗುರುತಿಗೆ ಅಂಟಿಸಿದ.