ಇಂಪ್ರೊ ಮತ್ತು ಕ್ಲೌನಿಂಗ್: ಎರಡೂ ಮಾಡಿ ನೋಡಿದ ಮೇಲೆ

ಮೊದಲು ಎಂಟು ವಾರ ಇಂಪ್ರೊ, ಅಂದರೆ ಸ್ಕ್ರಿಪ್ಟ್ ಇಲ್ಲದೆ ಆ ಕ್ಷಣದಲ್ಲೇ ಕಟ್ಟುವ ನಾಟಕ. ಆಮೇಲೆ ಆರು ವಾರ ಕ್ಲೌನಿಂಗ್, ಅಂದರೆ ಕೆಂಪು ಮೂಗಿನ ವಿದೂಷಕನ ಅಭಿನಯ. ಎರಡೂ ಎಲ್ಲರಿಗೂ ತೆರೆದಿದ್ದ ವರ್ಕ್‌ಶಾಪ್‌ಗಳು. ನಟರಾಗಬೇಕು ಅಂತ ಬಂದವರು ಕಡಿಮೆ. ದಿನದ ಕೆಲಸ ಮುಗಿಸಿ, ಎರಡು ಗಂಟೆ ಆಡೋಣ ಅಂತ ಬಂದವರೇ ಜಾಸ್ತಿ. ಸೇರುವಾಗ ಎರಡೂ ಹೆಚ್ಚುಕಮ್ಮಿ ಒಂದೇ ಅಂದುಕೊಂಡಿದ್ದೆ. ಎರಡರಲ್ಲೂ ಬರೆದಿಟ್ಟ ಮಾತಿಲ್ಲ, ಎರಡರಲ್ಲೂ ನಗು ಇದೆ, ಅಲ್ವಾ? ಆದರೆ ಇಂಪ್ರೊದಲ್ಲಿ ಕಣ್ಣು ಜೊತೆಗಾರರ ಮೇಲಿರುತ್ತದೆ, ಕ್ಲೌನಿಂಗ್‌ನಲ್ಲಿ ನೋಡುವವರ ಮೇಲೆ. ಅಷ್ಟರಿಂದಲೇ ಎಲ್ಲ ಬದಲಾಗುತ್ತದೆ.

ಇಂಪ್ರೊ ಶುರುವಾಗುವುದು "ಹೌದು, ಮತ್ತೆ" ಅನ್ನುವ ಆಟದಿಂದ. ಜೊತೆಗಾರರು "ದೋಣಿಗೆ ನೀರು ನುಗ್ತಿದೆ" ಅಂದರೆ "ಇದು ದೋಣಿ ಅಲ್ಲ, ಬಸ್ಸು" ಅನ್ನುವ ಹಾಗಿಲ್ಲ. "ಹೌದು, ಅಜ್ಜನ ಪೆಟ್ಟಿಗೆ ಆಗಲೇ ತೇಲ್ತಿದೆ" ಅನ್ನಬೇಕು. ಎದುರಿಗಿರುವವರು ಮಾತಾಡುತ್ತಿರುವಾಗ ನಾನು ನನ್ನ ಮುಂದಿನ ಮಾತನ್ನು ಜೋಡಿಸುತ್ತಿರುತ್ತೇನೆ ಅನ್ನುವುದು ನನಗೆ ಅಲ್ಲೇ ಗೊತ್ತಾಯಿತು. ಮೂರನೇ ವಾರದ ಹೊತ್ತಿಗೆ ಅದು ಕಡಿಮೆಯಾಯಿತು. ಮನೆಯಲ್ಲೂ.

ಈ ಆಟಗಳ ಹುಟ್ಟು ನನಗೆ ತುಂಬಾ ಇಷ್ಟ. ಅಮೆರಿಕದ ನಾಟಕ ಶಿಕ್ಷಕಿ ವಯೋಲಾ ಸ್ಪೋಲಿನ್ ಇವನ್ನು ಬೆಳೆಸಿದ್ದು 1930ರ ದಶಕದ ಕೊನೆಯ ಹೊತ್ತಿಗೆ, ಷಿಕಾಗೊದಲ್ಲಿ, ವಲಸೆ ಬಂದ ಮನೆಗಳ ಮಕ್ಕಳ ಜೊತೆ. 1959ರಲ್ಲಿ ಅಲ್ಲೇ ಶುರುವಾದ ಸೆಕೆಂಡ್ ಸಿಟಿ ಅನ್ನುವ ಹಾಸ್ಯ ನಾಟಕ ತಂಡವನ್ನು ಕಟ್ಟಿದವರಲ್ಲಿ ಅವರ ಮಗ ಪಾಲ್ ಸಿಲ್ಸ್ ಒಬ್ಬರು. ಅಂದರೆ ಈ ಆಟಗಳು ದೊಡ್ಡ ವೇದಿಕೆಯಿಂದ ಇಳಿದು ಊರಿನ ಕೋಣೆಗೆ ಬಂದದ್ದಲ್ಲ. ಅಂಥ ಕೋಣೆಯಿಂದಲೇ ವೇದಿಕೆಗೆ ಹೋದವು. ಸ್ಪೋಲಿನ್ ರೀತಿಯಲ್ಲಿ ಹೇಳಿಕೊಡುವವರು ಆಟ ನಿಲ್ಲಿಸುವುದಿಲ್ಲ. ಪಕ್ಕದಲ್ಲಿ ನಿಂತು "ಅವರ ಕೈ ನೋಡಿ", "ನಿಧಾನ" ಅನ್ನುತ್ತಾರೆ, ಆಟ ಮುಂದೆ ಹೋಗುತ್ತಲೇ ಇರುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣೆ.

ಕ್ಲೌನಿಂಗ್‌ನಲ್ಲಿ ಹಿಡಿದುಕೊಳ್ಳಲು ಯಾರೂ ಇಲ್ಲ. ಬೆನ್ನು ತಿರುಗಿಸಿ ಕೆಂಪು ಮೂಗು ಹಾಕಿಕೊಳ್ಳುತ್ತೀರಿ, ತಿರುಗುತ್ತೀರಿ, ನೋಡುತ್ತೀರಿ. ಅಷ್ಟೇ. ಈ ಮೂಗನ್ನು ಫ್ರಾನ್ಸಿನ ನಾಟಕ ಗುರು ಜಾಕ್ ಲೆಕಾಕ್ ಜಗತ್ತಿನ ಅತಿ ಚಿಕ್ಕ ಮುಖವಾಡ ಎಂದು ಕರೆದರು. ವ್ಯಾಯಾಮ, ಕ್ರೀಡೆಯ ಕಡೆಯಿಂದ ನಾಟಕಕ್ಕೆ ಬಂದ ಅವರು 1956ರಲ್ಲಿ ಪ್ಯಾರಿಸ್ಸಿನಲ್ಲಿ ಶಾಲೆ ತೆರೆದರು. ಒಮ್ಮೆ ವಿದ್ಯಾರ್ಥಿಗಳಿಗೆ "ಒಬ್ಬೊಬ್ಬರಾಗಿ ಬಂದು ನಮ್ಮನ್ನು ನಗಿಸಿ" ಅಂದರಂತೆ. ಯಾರ ಯಾವ ಕಸರತ್ತಿಗೂ ನಗು ಬರಲಿಲ್ಲ. ಸೋತು, ಬೇಸರದಿಂದ ವಾಪಸ್ ಹೋಗಿ ಕೂರುವಾಗ ಎಲ್ಲರೂ ನಕ್ಕರು. ಕ್ಲೌನ್ ಎಲ್ಲಿದ್ದಾನೆ ಅಂತ ಲೆಕಾಕ್ ಅವರಿಗೆ ಹೊಳೆದದ್ದು ಆಗ.

ನಮ್ಮ ಗುಂಪಿನಲ್ಲೂ ಹಾಗೆಯೇ ಆಯಿತು. ಒಬ್ಬ ಹಿರಿಯರು ಮಡಚುವ ಕುರ್ಚಿ ಹಿಡಿದು ಬಂದರು. ಕುರ್ಚಿ ಬಿಚ್ಚಿಕೊಳ್ಳಲೇ ಇಲ್ಲ. ಅದು ಅವರು ಯೋಚಿಸಿ ತಂದದ್ದಲ್ಲ. ಕೈ ಬಿಟ್ಟು ನಮ್ಮ ಕಡೆ ನೋಡಿದರು: ತಪ್ಪು ನನ್ನದಾ, ಕುರ್ಚಿಯದಾ? ಕೋಣೆ ಇಡೀ ನಕ್ಕಿತು. ಆ ನಗು ಮುಗಿಯುವವರೆಗೂ ಅವರು ಕಾದರು. ಆಮೇಲೆ ಕುರ್ಚಿಯನ್ನು ಮಗುವಿನ ಹಾಗೆ ಎತ್ತಿಕೊಂಡು, ಬೆನ್ನು ತಟ್ಟುತ್ತಾ ಒಳಗೆ ಹೋದರು. ಒಂದೇ ಒಂದು ಮಾತಿಲ್ಲ. ಎಂಟು ವಾರದ ಇಂಪ್ರೊದಲ್ಲಿ ನನ್ನನ್ನು ಅಷ್ಟು ತಟ್ಟಿದ ದೃಶ್ಯ ಬೇರೆ ಇಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಲೆಕಾಕ್ ಅವರ ಬಳಿ ಕಲಿತು ಕ್ಲೌನಿಂಗ್ ಗುರುವಾದ ಫಿಲಿಪ್ ಗೋಲಿಯೆ ಡೋಲು ಬಡಿದು ದೃಶ್ಯ ನಿಲ್ಲಿಸುವುದಕ್ಕೆ, ಖಾರವಾಗಿ ಮಾತಾಡುವುದಕ್ಕೆ ಹೆಸರಾದವರು. ಅವರ ಬಳಿ ಕಲಿಯಲು ಹೋದವರು ಅದನ್ನು ತಿಳಿದೇ ಹೋಗುತ್ತಿದ್ದರು. ನಾನು ಹೋಗಿದ್ದ ಒಂದು ವಾರಾಂತ್ಯದ ಶಿಬಿರದಲ್ಲಿ ಹೇಳಿಕೊಡುವವರು ಅದೇ ಧಾಟಿ ಹಿಡಿದರು. ಮಧ್ಯಾಹ್ನದ ಬಿಡುವಿನ ನಂತರ ಒಬ್ಬ ಹುಡುಗಿ ವಾಪಸ್ ಬರಲಿಲ್ಲ. ನನಗೆ ಇವತ್ತಿಗೂ ಅದು ಸರಿ ಅನ್ನಿಸಿಲ್ಲ. ಸೇರುವ ಮುಂಚೆ ಒಂದು ತರಗತಿ ಸುಮ್ನೆ ಕೂತು ನೋಡಬಹುದಾ ಅಂತ ಕೇಳಿ.

ಸಮಯದ ಲೆಕ್ಕವೂ ಬೇರೆ. ಇಂಪ್ರೊದಲ್ಲಿ ಎರಡು ಗಂಟೆಯೂ ಮೈ ಕುಣಿಯುತ್ತಿರುತ್ತದೆ. ಕ್ಲೌನಿಂಗ್‌ನಲ್ಲಿ ನಿಮ್ಮ ಸರದಿ ಹತ್ತು ನಿಮಿಷ, ಉಳಿದದ್ದು ಬೇರೆಯವರನ್ನು ನೋಡುವುದು. ಆ ನೋಡುವುದರಲ್ಲೇ ಅರ್ಧ ಕಲಿಕೆ ಇದೆ. ಆದರೂ ಕೆಲವರಿಗೆ ಬೇಜಾರಾಗುತ್ತದೆ.

ನನ್ನ ಆಯ್ಕೆ ಕ್ಲೌನಿಂಗ್. ಕಾರಣ ಇದು: ಇಂಪ್ರೊದಲ್ಲಿ ಮಾತು ಚುರುಕಾಗಿರುವವರು ಬೇಗ ಮುಂದೆ ಬರುತ್ತಾರೆ. ಆ ಕೋಣೆಯ ಭಾಷೆ ಸರಿಯಾಗಿ ಬಾರದವರು, ಮೆತ್ತಗಿರುವವರು ಎಷ್ಟು "ಹೌದು, ಮತ್ತೆ" ಆಡಿದರೂ ಅಂಚಿನಲ್ಲೇ ಉಳಿದುಬಿಡುತ್ತಾರೆ. ನನ್ನ ಎರಡೂ ಗುಂಪಿನಲ್ಲಿದ್ದ ಒಬ್ಬರು ಇಂಪ್ರೊದಲ್ಲಿ ಬಾಯಿ ಬಿಟ್ಟದ್ದೇ ಕಡಿಮೆ. ಕ್ಲೌನಿಂಗ್‌ನ ಎರಡನೇ ವಾರ ಅವರು ಬರೀ ಒಂದು ಬಟ್ಟೆಯ ಚೀಲದೊಂದಿಗೆ ಐದು ನಿಮಿಷ ನಮ್ಮನ್ನು ಹಿಡಿದು ಕೂರಿಸಿದರು. ಎಲ್ಲರಿಗೂ ಅಂತ ತೆರೆದ ಕೋಣೆಯಲ್ಲಿ ನಾನು ಮೊದಲು ನೋಡುವುದು ಅದನ್ನೇ. ಆದರೆ ಹೇಳಿಕೊಡುವವರು ಒಳ್ಳೆಯವರು ಸಿಗದಿದ್ದರೆ ಇಂಪ್ರೊಗೇ ಹೋಗಿ. ಅಲ್ಲಿ ಜೊತೆಗಾರರಾದರೂ ಕೈ ಹಿಡಿಯುತ್ತಾರೆ.