ರೊಕೊಸ್ಸೊವ್‌ಸ್ಕಿ ಆತ್ಮಕಥೆ: ಯುದ್ಧ ಪೂರ್ತಿ ಇದೆ, ಜೈಲು ಮಾತ್ರ ಇಲ್ಲ

ಸೋವಿಯತ್ ಸೇನಾನಿ ಕಾನ್‌ಸ್ತಾಂತಿನ್ ರೊಕೊಸ್ಸೊವ್‌ಸ್ಕಿಯ ‘ಎ ಸೋಲ್ಜರ್ಸ್ ಡ್ಯೂಟಿ’ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕಿತು. ಮಾಸ್ಕೋದ ಪ್ರೋಗ್ರೆಸ್ ಪ್ರಕಾಶನದ ಇಂಗ್ಲಿಷ್ ಅನುವಾದ. ಹಾಳೆ ಹಳದಿಯಾಗಿದೆ, ಹೊಲಿಗೆ ಮಾತ್ರ ಗಟ್ಟಿ.

ಕಥೆ ಶುರುವಾಗುವುದು 1940ರ ವಸಂತದಲ್ಲಿ, ಹೆಂಡತಿ ಮಗಳ ಜೊತೆ ಸೋಚಿಯಲ್ಲಿ ವಿಶ್ರಾಂತಿಯಿಂದ. ಏನೂ ಗೊತ್ತಿಲ್ಲದವರು ರಜೆ ಅಂದುಕೊಳ್ಳಬೇಕು! 1937ರಲ್ಲಿ ಸ್ಟಾಲಿನ್ನನ ಪೊಲೀಸರು ಇವರನ್ನು ಹಿಡಿದು, ಎರಡೂವರೆ ವರ್ಷ ಜೈಲಲ್ಲಿಟ್ಟು, ಆಗಷ್ಟೇ ಬಿಟ್ಟಿದ್ದರು. ಅದರ ಬಗ್ಗೆ ಉಸಿರೇ ಇಲ್ಲ. 1968ರಲ್ಲಿ ಮಾಸ್ಕೋದಲ್ಲಿ ಅಚ್ಚಾಗಬೇಕಿದ್ದ ಪುಸ್ತಕ, ಇನ್ನೇನು ಬರೆಯೋಕಾಗ್ತಿತ್ತು ಅಲ್ವಾ?

ಯುದ್ಧದ ಭಾಗ ಮಾತ್ರ ಸೊಗಸು. ಮಾಸ್ಕೋ ಹೊರವಲಯದಲ್ಲಿ ಇವರ 16ನೇ ಸೇನೆ, ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ ಸೇನಾನಿ ಪೌಲಸ್‌ನನ್ನು ಸುತ್ತುವರಿದದ್ದು, ಕೂರ್ಸ್ಕ್ ಕದನ. ನನಗೆ ಜಾಸ್ತಿ ಹಿಡಿಸಿದ್ದು 1944ರ ಮೇ ತಿಂಗಳ ಸಭೆ. ಜರ್ಮನ್ನರ ಕೈಲಿದ್ದ ಬೆಲಾರೂಸಿನ ಬೊಬ್ರೂಯ್‌ಸ್ಕ್ ಪಟ್ಟಣದ ಮೇಲೆ ಒಂದೇ ಕಡೆಯಿಂದ ಏಟು ಸಾಕು ಅನ್ನುವುದು ಮೇಲಿನವರ ವಾದ. ಎರಡು ಕಡೆಯಿಂದ ಬೇಕು ಅನ್ನುವುದು ಇವರದು. ಪಕ್ಕದ ಕೋಣೆಗೆ ಹೋಗಿ ಯೋಚಿಸಿ ಬಾ ಎಂದು ಸ್ಟಾಲಿನ್ ಎರಡು ಸಲ ಕಳಿಸಿದ. ಇವರು ಅದೇ ಉತ್ತರ ಹಿಡಿದು ವಾಪಸ್ ಬಂದರು. ಕೊನೆಗೆ ಸ್ಟಾಲಿನ್ನೇ ಒಪ್ಪಿದ. ಜೈಲು ಕಂಡು ಬಂದ ಮನುಷ್ಯ ಅವನೆದುರು ಹೀಗೆ ನಿಂತದ್ದು ಸುಮ್ನೆ ಮಾತಲ್ಲ. ಜೂನ್ ಕೊನೆಗೆ ಬೊಬ್ರೂಯ್‌ಸ್ಕ್ ಬಿತ್ತು, ಇವರಿಗೆ ಮಾರ್ಷಲ್ ಪಟ್ಟವೂ ಬಂತು.

ನಡುನಡುವೆ ಡಿವಿಜನ್ ನಂಬರುಗಳ ಸಾಲು ಬೇಜಾರು ತರಿಸುತ್ತದೆ, ಹಾರಿಸಿ ಓದಿ. 1949ರಿಂದ 1956ರವರೆಗೆ ಪೋಲೆಂಡಿನ ರಕ್ಷಣಾ ಮಂತ್ರಿಯಾಗಿದ್ದ ಕಾಲ ಬೇಕಾದರೆ ಬೇರೆ ಪುಸ್ತಕ ಹುಡುಕಿ, ಇದು ಯುದ್ಧದ ಜೊತೆಗೇ ಮುಗಿಯುತ್ತದೆ.